ಕಾರ್ಟ್ ಒಂದೇ, ಕಾನೂನು ಮೂರು

ನಿಮ್ಮ ಮೊಬೈಲ್ ತೆಗೀರಿ. ಯಾವುದಾದರೂ ಶಾಪಿಂಗ್ ಆ್ಯಪ್‌ನಲ್ಲಿ ನಾಯಿಗೆ ಬೇಕಾದ ಸಾಮಾನು ಹುಡುಕಿ. ಮೊದಲು ಮೂರು ಕಿಲೋ ಡಾಗ್ ಫುಡ್ ಪ್ಯಾಕೆಟ್ ಬರುತ್ತೆ. ಅದರ ಪಕ್ಕದಲ್ಲೇ ಕೂದಲು ಹೊಳೆಯೋಕೆ ಒಂದು ಸಿರಪ್, ಕೀಲುನೋವಿಗೆ ಒಂದು ಡಬ್ಬಿ ಮಾತ್ರೆ, ಉಣ್ಣೆ ಹುಳಕ್ಕೆ ಬೆನ್ನಿಗೆ ಹಾಕೋ ಹನಿ, ಜಂತುಹುಳಕ್ಕೆ ಗುಳಿಗೆ. ಎಲ್ಲದಕ್ಕೂ ಒಂದೇ ಬಟನ್, ಒಂದೇ ಕಾರ್ಟ್. ನಾಳೆ ಮಧ್ಯಾಹ್ನದೊಳಗೆ ಮನೆ ಬಾಗಿಲಿಗೆ ಬಂದುಬಿಡುತ್ತೆ.

ನಮ್ಮ ಪಾಲಿಗೆ ಇದು ಒಂದು ಶಾಪಿಂಗ್. ಕಾನೂನಿನ ಪಾಲಿಗೆ ಇಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ: ಆಹಾರ, ಸಪ್ಲಿಮೆಂಟ್, ಔಷಧಿ. ಮೂರಕ್ಕೂ ಮೂರು ನಿಯಮ. ಈ ವ್ಯತ್ಯಾಸ ಮೊಬೈಲ್ ಸ್ಕ್ರೀನ್ ಮೇಲೆ ಕಾಣೋದೇ ಇಲ್ಲ. ತೊಂದರೆ ಶುರುವಾಗೋದು ಅಲ್ಲಿಂದಲೇ.

ಮೊದಲು ಆಹಾರ. ನಾವು ತಿನ್ನೋ ಬಿಸ್ಕತ್ತಿನ ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತೆ ಅಲ್ವಾ? ನಾಯಿ ಬಿಸ್ಕತ್ತಿನ ಮೇಲೂ ಅದೇ ಇರಬೇಕು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆ 'ಆಹಾರ' ಅಂತ ಕರೆಯೋದು ಮನುಷ್ಯರು ತಿನ್ನೋದನ್ನ. ಪ್ರಾಣಿಗಳ ಆಹಾರವನ್ನ ಆ ವ್ಯಾಖ್ಯಾನದಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಕೋಳಿ ಅದೇ ಇರಬಹುದು. ನಿಮ್ಮ ತಟ್ಟೆಗೆ ಬಂದರೆ ಅದಕ್ಕೆ ಆಹಾರ ಕಾಯ್ದೆಯ ಕಾವಲು, ನಾಯಿಯ ಪ್ಯಾಕೆಟ್‌ಗೆ ಹೋದರೆ ಆ ಕಾವಲಿಲ್ಲ. ಪೆಟ್ ಫುಡ್ ಹೇಗಿರಬೇಕು ಅಂತ ಬಿಐಎಸ್ ಸಂಸ್ಥೆ ಒಂದು ಮಾನಕ ಮಾಡಿಟ್ಟಿದೆ. ಅದನ್ನ ಪಾಲಿಸೋದು ಬಿಡೋದು ಕಂಪನಿಯ ಇಷ್ಟ.

ಹಾಗಾದರೆ ಯಾವ ನಿಯಮವೂ ಇಲ್ವಾ? ಇದೆ. ಅದು ತೂಕ ಮತ್ತು ಅಳತೆಯ ಕಾನೂನು. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಪ್ಯಾಕೆಟ್ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ದೂರು ಕೊಡೋಕೆ ಸಂಪರ್ಕ ಇರಲೇಬೇಕು. ವಿದೇಶದ್ದಾದರೆ ಯಾವ ದೇಶದ್ದು ಅಂತಲೂ ಇರಬೇಕು. 2018ರ ಜನವರಿ 1ರಿಂದ ಈ ವಿವರಗಳನ್ನ ಆನ್‌ಲೈನ್ ಪುಟದಲ್ಲೂ ತೋರಿಸೋದು ಕಡ್ಡಾಯ. ಆದರೆ ಒಂದು ವಿನಾಯಿತಿ ಇದೆ, ಗಮನಿಸಿ: ತಯಾರಾದ ತಿಂಗಳು, ವರ್ಷವನ್ನ ವೆಬ್ ಪುಟದಲ್ಲಿ ತೋರಿಸಬೇಕಾಗಿಲ್ಲ. ಅಂದರೆ ಅರ್ಧ ಬೆಲೆಗೆ ಸಿಗ್ತಿರೋ ಪ್ಯಾಕೆಟ್ ಹಳೇ ಸ್ಟಾಕಾ ಅನ್ನೋದು ದುಡ್ಡು ಕೊಡೋ ಮುಂಚೆ ನಿಮಗೆ ಗೊತ್ತಾಗದೇ ಹೋಗಬಹುದು. ಹಾಗಾಗಿ ಪಾರ್ಸಲ್ ಕೈಗೆ ಬಂದ ತಕ್ಷಣ ಮೊದಲು ನೋಡಬೇಕಾದ್ದು ಆ ದಿನಾಂಕವನ್ನ.

ಎರಡನೆಯದು ಸಪ್ಲಿಮೆಂಟ್. ಕ್ಯಾಲ್ಸಿಯಂ, ಮೀನೆಣ್ಣೆ, ಮಲ್ಟಿವಿಟಮಿನ್. ಮನುಷ್ಯರ ಪ್ರೋಟೀನ್ ಪೌಡರ್‌ಗೆ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಅದು ನಾಯಿ ಬೆಕ್ಕಿನ ಡಬ್ಬಿಗೆ ಅನ್ವಯ ಆಗಲ್ಲ. ಇಲ್ಲಿ ಎಲ್ಲವೂ ನಿಂತಿರೋದು ಡಬ್ಬಿ ಏನು ಹೇಳಿಕೊಳ್ಳುತ್ತೆ ಅನ್ನೋದರ ಮೇಲೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 3ನೇ ಕಲಂ ಪ್ರಕಾರ, ಮನುಷ್ಯರಲ್ಲಾಗಲೀ ಪ್ರಾಣಿಗಳಲ್ಲಾಗಲೀ ಕಾಯಿಲೆಯನ್ನ ಪತ್ತೆ ಮಾಡೋಕೆ, ಗುಣಪಡಿಸೋಕೆ, ಶಮನ ಮಾಡೋಕೆ ಅಥವಾ ತಡೆಯೋಕೆ ಬಳಸುವಂಥದ್ದು ಔಷಧಿ. 'ದಿನಾ ಒಂದು ಚಮಚ ಕೊಡಿ, ಪುಷ್ಟಿಯಾಗಿರುತ್ತೆ' ಅಂದರೆ ಅದು ಪೂರಕ ಆಹಾರ. 'ಸಂಧಿವಾತ ವಾಸಿ ಮಾಡುತ್ತೆ' ಅಂದರೆ ಅದು ಔಷಧಿಯ ಗೆರೆ ದಾಟಿತು. ಆಗ ತಯಾರಿಸೋಕೂ ಲೈಸೆನ್ಸ್ ಬೇಕು, ಮಾರೋಕೂ ಲೈಸೆನ್ಸ್ ಬೇಕು. ಡಬ್ಬಿಯ ಮೇಲೆ ವಾಸಿ ಮಾಡೋ ಭರವಸೆ ಇದ್ದು ಲೈಸೆನ್ಸ್ ನಂಬರ್ ಇಲ್ಲದಿದ್ದರೆ, ಅದನ್ನ ಕಾರ್ಟ್‌ನಿಂದ ತೆಗೀರಿ.

ಈಗ ಮೂರನೆಯದು, ಅಸಲಿ ವಿಷಯ. ಔಷಧಿ.

ನಾಯಿಯ ಔಷಧಿಗೆ ನಿಯಮ ಸಡಿಲ ಇರಬಹುದು ಅನ್ನೋ ಭಾವನೆ ನಮ್ಮಲ್ಲಿದೆ. ಕಾಯ್ದೆ ಹಾಗೆ ಹೇಳಲ್ಲ. ಲೈಸೆನ್ಸ್ ಇಲ್ಲದೆ ಔಷಧಿ ಮಾರಿದರೆ ಕನಿಷ್ಠ 3 ವರ್ಷ, ಗರಿಷ್ಠ 5 ವರ್ಷ ಜೈಲು, ಜೊತೆಗೆ ಕನಿಷ್ಠ 1 ಲಕ್ಷ ರೂಪಾಯಿ ದಂಡ. ಪ್ರಾಣಿಗಳಿಗಾಗಿಯೇ ಮಾಡಿದ ಔಷಧಿಯ ಲೇಬಲ್ ಮೇಲೆ 'ಮನುಷ್ಯರ ಬಳಕೆಗೆ ಅಲ್ಲ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ' ಅನ್ನೋ ಅರ್ಥದ ಸಾಲು ಮತ್ತು ಸಾಕುಪ್ರಾಣಿಯ ತಲೆಯ ಚಿತ್ರ ಇರಬೇಕು. ಶೆಡ್ಯೂಲ್ ಹೆಚ್ ಪಟ್ಟಿಯ ಔಷಧಿಗಳನ್ನ ಚೀಟಿ ಇಲ್ಲದೆ ಮಾರುವಂತಿಲ್ಲ. ಟಿಕ್ ಫೀವರ್‌ಗೆ ಕೊಡೋ ಡಾಕ್ಸಿಸೈಕ್ಲಿನ್, ನವೆಗೆ ಕೊಡೋ ಪ್ರೆಡ್ನಿಸೊಲೋನ್, ನೋವಿಗೆ ಕೊಡೋ ಮೆಲಾಕ್ಸಿಕಾಮ್, ಮೂರೂ ಆ ಪಟ್ಟಿಯಲ್ಲಿವೆ. ಚೀಟಿ ಬರೆಯಬೇಕಾದವರು ಅರ್ಹ ಪಶುವೈದ್ಯರು.

ಮತ್ತೆ ಆನ್‌ಲೈನ್‌ನಲ್ಲಿ ಇದೆಲ್ಲ ಹೇಗೆ ಸಿಗುತ್ತೆ? ಇಲ್ಲೇ ಇರೋದು ಕಥೆ. 1945ರ ಔಷಧ ನಿಯಮಗಳನ್ನ ಬರೆದವರ ಕಣ್ಣ ಮುಂದೆ ಇದ್ದದ್ದು ಒಂದು ಅಂಗಡಿ, ಒಂದು ಕೌಂಟರ್, ಅದರ ಹಿಂದೆ ಒಬ್ಬ ಫಾರ್ಮಾಸಿಸ್ಟ್. ಆ್ಯಪ್ ಅನ್ನೋದನ್ನ ಅವರು ಕನಸಲ್ಲೂ ಕಂಡಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇ-ಫಾರ್ಮಸಿಗೆ ಅಂತಲೇ ಕರಡು ನಿಯಮ ಪ್ರಕಟಿಸಿತು. ನೋಂದಣಿ ಕಡ್ಡಾಯ, ಚೀಟಿಯ ಪರಿಶೀಲನೆ ಕಡ್ಡಾಯ, ಜಾಹೀರಾತು ಕೂಡದು ಅಂತೆಲ್ಲ ಅದರಲ್ಲಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಲೈಸೆನ್ಸ್ ಇಲ್ಲದ ಆನ್‌ಲೈನ್ ಔಷಧ ಮಾರಾಟಕ್ಕೆ ತಡೆ ಕೊಟ್ಟಿತು. 2023ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ನಿಯಂತ್ರಕರು ಆನ್‌ಲೈನ್ ಕಂಪನಿಗಳಿಗೆ ಶೋಕಾಸ್ ನೋಟಿಸ್ ಕೊಟ್ಟರು. ಆಗಲೂ ಆ ಕರಡು ಕರಡಾಗಿಯೇ ಇತ್ತು. ಹಳೇ ನಿಯಮ ಆ್ಯಪ್‌ಗೆ ಸರಿಯಾಗಿ ಕೂರಲ್ಲ, ಹೊಸ ನಿಯಮ ಬರಲಿಲ್ಲ. ಈ ಸಂದಿಯಲ್ಲಿ ವ್ಯಾಪಾರ ನಡೀತಾ ಇದೆ. ಚೀಟಿ ಕೇಳಬೇಕಾದ ಜಾಗದಲ್ಲಿ 'ನನ್ನ ಬಳಿ ಚೀಟಿ ಇದೆ' ಅಂತ ಒಂದು ಟಿಕ್ ಮಾರ್ಕ್ ಕೇಳಿದರೆ ಅದು ತಪಾಸಣೆ ಅನ್ನಿಸಿಕೊಳ್ಳುತ್ತಾ, ನೀವೇ ಹೇಳಿ.

ಇದೆಲ್ಲ ಬರೀ ಕಾಗದದ ಜಗಳ ಅನ್ನಬೇಡಿ. ನಾಯಿಗೆ ಹಾಕೋ ಕೆಲವು ಉಣ್ಣೆ ನಾಶಕ ಹನಿಗಳಲ್ಲಿ ಪರ್ಮೆಥ್ರಿನ್ ಇರುತ್ತೆ. ನಾಯಿ ಅದನ್ನ ತಡೆದುಕೊಳ್ಳುತ್ತೆ. ಅದೇ ಹನಿಯನ್ನ ಮನೆಯ ಬೆಕ್ಕಿಗೂ ಹಾಕಿದರೆ ನಡುಕ ಬಂದು, ಫಿಟ್ಸ್ ಬಂದು, ಪ್ರಾಣವೇ ಹೋಗಬಹುದು. ನಮಗೆ ಜ್ವರ ಇಳಿಸೋ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಕೌಂಟರ್ ಹಿಂದೆ ಇರೋ ಮನುಷ್ಯ 'ಇದು ಬೆಕ್ಕಿಗೋ ನಾಯಿಗೋ? ತೂಕ ಎಷ್ಟು?' ಅಂತ ಒಂದು ಮಾತು ಕೇಳಬಹುದು. ಆ್ಯಪ್ ಕೇಳೋದು 'ಕ್ಯಾಶ್ ಆನ್ ಡೆಲಿವರಿನಾ, ಯುಪಿಐನಾ?' ಅಂತ.

ಹಾಗಂತ ಆನ್‌ಲೈನ್ ಬಂದ್ ಮಾಡಿ ಅನ್ನೋ ವಾದವನ್ನ ನಾನು ಒಪ್ಪಲ್ಲ. ಬೆಂಗಳೂರಲ್ಲಿ ಕೂತು ಹಾಗೆ ಹೇಳೋದು ಸುಲಭ. ಸಣ್ಣ ಊರಿನ ಮೆಡಿಕಲ್ ಸ್ಟೋರ್‌ನಲ್ಲಿ ಬೆಕ್ಕಿನ ಔಷಧಿ ಕೇಳಿ ನೋಡಿ, ಎಷ್ಟು ಕಡೆ ಸಿಗುತ್ತೆ? ಡಾಕ್ಟ್ರು ಬರೆದುಕೊಟ್ಟ ಔಷಧಿಯನ್ನ ಪಾರ್ಸಲ್‌ನಲ್ಲಿ ತರಿಸಿಕೊಳ್ಳೋದು ಅಲ್ಲಿನವರಿಗೆ ದೊಡ್ಡ ಅನುಕೂಲ. ಬೇಕಾಗಿರೋದು ಚೀಟಿಯನ್ನ ನಿಜವಾಗಿ ಓದೋ ಫಾರ್ಮಾಸಿಸ್ಟ್, ಜವಾಬ್ದಾರಿ ಹೊರೋ ಕಂಪನಿ, ಮತ್ತು ಕರಡನ್ನ ಕಾನೂನಾಗಿ ಮಾಡೋ ಸರ್ಕಾರ.

ಅಲ್ಲಿವರೆಗೆ ಆ ಫಾರ್ಮಾಸಿಸ್ಟ್ ಕೆಲಸ ಸ್ವಲ್ಪ ನಾವೇ ಮಾಡಬೇಕು. ಆರ್ಡರ್ ಮಾಡೋ ಮುಂಚೆ ಮಾರುತ್ತಿರೋರು ಯಾರು ಅಂತ ನೋಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾರಾಟಗಾರರ ಹೆಸರು, ವಿಳಾಸ ತೋರಿಸೋದು ಕಡ್ಡಾಯ. ಸ್ಟಾರ್ ನೋಡಿ ಮರುಳಾಗಬೇಡಿ. ಗ್ರಾಹಕರ ವೇಷದಲ್ಲಿ ಮಾರಾಟಗಾರರು ತಾವೇ ರಿವ್ಯೂ ಬರೆಯೋದನ್ನ ಅದೇ ನಿಯಮ ನಿಷೇಧಿಸಿದೆ, ಅಂದರೆ ಬರೆಯೋರು ಇದ್ದಾರೆ ಅಂತಲೇ ಅರ್ಥ. ಪಾರ್ಸಲ್ ಬಂದ ಮೇಲೆ ದಿನಾಂಕ, ಲೈಸೆನ್ಸ್ ನಂಬರ್, ಯಾವ ಪ್ರಾಣಿಗೆ, ಎಷ್ಟು ತೂಕಕ್ಕೆ ಅನ್ನೋದನ್ನ ಓದಿ. ಸೀಲ್ ಒಡೆದಿದ್ದರೆ ಬಳಸಬೇಡಿ, ಫೋಟೋ ತೆಗೆದು ಬಿಲ್ ಜೊತೆ ಇಟ್ಕೊಳ್ಳಿ. ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಔಷಧಿಯ ಮೇಲೇ ಅನುಮಾನ ಇದ್ದರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರೆಯಿರಿ.

ಯಾಕಂದ್ರೆ ಫೈವ್ ಸ್ಟಾರ್ ಕೊಡೋದು ನಾವು, ನುಂಗೋದು ಅವು. 'ಇದು ನನಗೆ ಆಗಲಿಲ್ಲ' ಅಂತ ದೂರು ಕೊಡೋಕೆ ಅವಕ್ಕೆ ಬಾಯಿಲ್ಲ. ಆ ದೂರು ನಾವೇ ಕೊಡಬೇಕು.