ಕರುಳು ಕತ್ತರಿಸಿದವರು ತಟ್ಟೆ ನೋಡಲಿಲ್ಲ

ಲಂಡನ್ನಿನ ಗೈಸ್ ಆಸ್ಪತ್ರೆಯ ಹೆಸರಾಂತ ಸರ್ಜನ್ ಸರ್ ವಿಲಿಯಂ ಆರ್ಬತ್‌ನಾಟ್ ಲೇನ್ ಅವರಿಗೆ ದೊಡ್ಡಕರುಳಿನ ಮೇಲೆ ಬಲವಾದ ಅನುಮಾನ. ಮಲ ಅಲ್ಲಿ ದಿನಗಟ್ಟಲೆ ನಿಂತರೆ ರಕ್ತಕ್ಕೆ ವಿಷ ಸೇರಿ ಮೈಯೆಲ್ಲ ಕೆಡುತ್ತದೆ ಎಂದು ಅವರು ನಂಬಿದ್ದರು. ಹಾಗಾಗಿ ಹಠಮಾರಿ ಮಲಬದ್ಧತೆಗೆ ದೊಡ್ಡಕರುಳನ್ನೇ ತೆಗೆಯತೊಡಗಿದರು. 1909ರಲ್ಲಿ ಆ ಬಗ್ಗೆ ಪುಸ್ತಕವನ್ನೂ ತಂದರು. ಆಂಟಿಬಯಾಟಿಕ್ ಇಲ್ಲದ ಕಾಲವದು, ಇಂಥ ಆಪರೇಷನ್ ಎಂದರೆ ಜೀವಕ್ಕೇ ಅಪಾಯ. 1913ರಲ್ಲಿ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಈ ವಿಷದ ಸಿದ್ಧಾಂತದ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಮುಂದೆ ಸಿದ್ಧಾಂತ ನಿಲ್ಲಲಿಲ್ಲ.

ಅದೇ ಲೇನ್ 1925ರಲ್ಲಿ ನ್ಯೂ ಹೆಲ್ತ್ ಸೊಸೈಟಿ ಕಟ್ಟಿ, ತೌಡು ತೆಗೆಯದ ಹಿಟ್ಟಿನ ಬ್ರೆಡ್ಡು, ಹಣ್ಣು, ತರಕಾರಿ ತಿನ್ನಿ ಎಂದು ಊರಿಗೆಲ್ಲ ಸಾರಿದರು. ಜನರೊಡನೆ ಮುಕ್ತವಾಗಿ ಮಾತಾಡಲು ವೈದ್ಯರ ಪಟ್ಟಿಯಿಂದ ಹೆಸರನ್ನೂ ತೆಗೆಸಿಕೊಂಡರು. ಕತ್ತರಿ ಹಿಡಿದ ಕೈ ಕೊನೆಗೆ ಊಟದ ತಟ್ಟೆಯ ಕಡೆ ತಿರುಗಿತ್ತು. ಆದರೆ ಆಪರೇಷನ್‌ಗೆ ಹೋಗುವ ರೋಗಿ ಏನು ಉಂಡಿದ್ದಾನೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ತೀವ್ರ ಮಲಬದ್ಧತೆಯವರು ಹೊಟ್ಟೆಯುಬ್ಬರಕ್ಕೆ ಹೆದರಿ ಊಟ ಬಿಡುತ್ತಾರೆ, ಸೊರಗುತ್ತಾರೆ. ಗಾಯ ಮಾಯಬೇಕಾದ ಹೊತ್ತಿಗೆ ಮೈಯಲ್ಲಿ ಸಾಕಷ್ಟು ಪ್ರೋಟೀನ್ ಇರುವುದಿಲ್ಲ.

ಉತ್ತರ 1936ರಲ್ಲೇ ಸಿಕ್ಕಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹೈರಮ್ ಸ್ಟಡ್ಲಿ ಎಂಬ ಸರ್ಜನ್ ಹೊಟ್ಟೆಹುಣ್ಣಿನ ಆಪರೇಷನ್ ಆದವರ ಲೆಕ್ಕ ತೆಗೆದರು. ಶೇ 20ಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದವರಲ್ಲಿ ಮೂರರಲ್ಲಿ ಒಬ್ಬರು ಸತ್ತಿದ್ದರು. ಉಳಿದವರಲ್ಲಿ ಸಾವು ಶೇ 3.5. ಇಷ್ಟು ನಿಚ್ಚಳವಾದ ಲೆಕ್ಕ ಕಣ್ಣೆದುರಿಗಿದ್ದೂ ವೈದ್ಯಲೋಕ ದಶಕಗಟ್ಟಲೆ ರೋಗಿಗಳನ್ನು ಉಪವಾಸವೇ ಕೆಡವಿತು. ಆಪರೇಷನ್ನಿನ ಹಿಂದಿನ ರಾತ್ರಿಯಿಂದ ನೀರೂ ಇಲ್ಲ. ಆಮೇಲೆ ಹೂಸು ಹೋಗುವ ತನಕ ಊಟವಿಲ್ಲ. ಇದಕ್ಕೆ ಹೊಟ್ಟೆ ಉರಿಯದೆ ಇದ್ದೀತೆ?

ಬಾಯಿಂದ ಉಣ್ಣಲಾಗದವರಿಗೆ 1960ರ ದಶಕದ ಕೊನೆಯಲ್ಲಿ ದಾರಿಯಾಯಿತು. ಪೆನ್ಸಿಲ್ವೇನಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಬೀಗಲ್ ನಾಯಿಮರಿಗಳಿಗೆ ರಕ್ತನಾಳದ ಮೂಲಕವೇ ಆಹಾರ ಕೊಟ್ಟು ಬೆಳೆಸಿ ತೋರಿಸಿದರು. ಉಪವಾಸದ ಕಟ್ಟಳೆಯನ್ನೇ ಮುರಿದ ಕೀರ್ತಿ ಕೋಪನ್‌ಹೇಗನ್‌ನ ಹೆನ್ರಿಕ್ ಕೆಲೆಟ್ ಅವರಿಗೆ ಸಲ್ಲಬೇಕು. ನೋವು ತಗ್ಗಿಸಿ, ಬೇಗ ಎಬ್ಬಿಸಿ ಓಡಾಡಿಸಿ, ಬೇಗ ಉಣಿಸಿದರೆ ಕರುಳಿನ ಆಪರೇಷನ್ ಆದವರೂ ಎರಡು ಮೂರು ದಿನದಲ್ಲಿ ಮನೆಗೆ ಹೋಗಬಹುದೆಂದು 1990ರ ದಶಕದಲ್ಲಿ ಅವರು ತೋರಿಸಿದರು.

ಈಗ ಮಲಬದ್ಧತೆಗೆ ದೊಡ್ಡಕರುಳು ತೆಗೆಯುವುದು ಅಪರೂಪ. ಔಷಧಿಗೆ ಬಗ್ಗದ, ಕರುಳಿನ ಚಲನೆಯೇ ಮಂದವೆಂದು ಪರೀಕ್ಷೆಯಲ್ಲಿ ಖಚಿತವಾದ ಕೆಲವರಿಗೆ ಮಾತ್ರ. ತೀರಾ ಸೊರಗಿದ್ದರೆ ಆಪರೇಷನ್ ಮುಂದೂಡಿ, 7ರಿಂದ 14 ದಿನ ಪೌಷ್ಟಿಕ ಆಹಾರ ಕೊಡಿ ಎನ್ನುತ್ತದೆ ಯುರೋಪಿನ ಮಾರ್ಗಸೂಚಿ. ಸಾಮಾನ್ಯವಾಗಿ ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ತಿಳಿ ಪಾನೀಯ ಕುಡಿಯಬಹುದು. ನೀರು, ಉಪ್ಪು ಹೀರುತ್ತಿದ್ದ ದೊಡ್ಡಕರುಳು ಹೋದ ಮೇಲೆ ಮೊದಮೊದಲು ಭೇದಿ ಹೆಚ್ಚು. ಆಗ ಅನ್ನ, ಬಾಳೆಹಣ್ಣಿನಂಥ ಮೆತ್ತನೆಯ ಊಟವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ, ಜೊತೆಗೆ ಓಆರ್‌ಎಸ್. ಸಣ್ಣಕರುಳು ಹೊಸ ಕೆಲಸಕ್ಕೆ ಹೊಂದಿಕೊಳ್ಳಲು ತಿಂಗಳುಗಳೇ ಬೇಕು.