ವಿಮಾನ ಮತ್ತೆ ಹಾರಿತು. ಕ್ಯಾಂಪಿನವರ ಲೆಕ್ಕ ಯಾರ ಬಳಿ?

ವಿದೇಶ ಪ್ರಯಾಣ ಎಂದೊಡನೆ ಸಮ್ಮೇಳನ, ಕ್ರೀಡಾಕೂಟ, ಸಾಫ್ಟ್‌ವೇರ್ ಉದ್ಯೋಗಿಗಳೇ ನಮಗೆ ನೆನಪಾಗುವುದು. ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಗೋಪನಾಳ್, ಅಸ್ತಾಪನಹಳ್ಳಿಯ ಹಕ್ಕಿಪಿಕ್ಕಿ ಕ್ಯಾಂಪ್‌ಗಳಲ್ಲಿ ಅದು ಹೊಟ್ಟೆಪಾಡು. ಹಕ್ಕಿ ಹಿಡಿಯುವುದೇ ಕುಲಕಸುಬಾಗಿದ್ದ ಈ ಸಮುದಾಯಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಉಳಿದದ್ದು ಗಿಡಮೂಲಿಕೆಯ ತಿಳಿವಳಿಕೆ ಮಾತ್ರ. ಬೇರು, ಸೊಪ್ಪು ಹಾಕಿ ಕುದಿಸಿದ ಕೂದಲೆಣ್ಣೆ, ಮೈಕೈ ನೋವಿನ ಎಣ್ಣೆಗಳನ್ನು ಜಾತ್ರೆ, ಸಂತೆಗಳಲ್ಲಿ ಮಾರುತ್ತಿದ್ದವರು ಕ್ರಮೇಣ ಆಫ್ರಿಕಾದ ಪಟ್ಟಣಗಳವರೆಗೂ ಹೋದರು. ಟಿಕೆಟ್ಟಿಗೆ ಸಾಲ, ಅಲ್ಲಿ ಓಣಿ ಓಣಿ ತಿರುಗಿ ಎಣ್ಣೆ ಮಾರಿ, ಊರಿಗೆ ಬಂದು ಸಾಲ ತೀರಿಸುವುದು. ಈ ಚಕ್ರ ನಿಂತರೆ ಬಡ್ಡಿ ಮಾತ್ರ ಬೆಳೆಯುತ್ತದೆ.

ನಿಂತ ಎರಡು ವರ್ಷ

ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 23ರಿಂದ ಸ್ಥಗಿತಗೊಂಡ ನಿಗದಿತ ಅಂತರರಾಷ್ಟ್ರೀಯ ವಿಮಾನ ಸಂಚಾರ ಮರಳಿದ್ದು 2022ರ ಮಾರ್ಚ್ 27ರಂದು. ನಡುವೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. 2020ರ ಮೇ 7ರಿಂದ ವಂದೇ ಭಾರತ್ ವಿಮಾನಗಳು ಹೊರದೇಶಗಳಲ್ಲಿದ್ದವರನ್ನು ಕರೆತಂದವು. ಜುಲೈಯಿಂದ ಆಯ್ದ ದೇಶಗಳೊಡನೆ ಏರ್ ಬಬಲ್ ಒಪ್ಪಂದಗಳಾದವು. 2021ರ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನವೂ ನಡೆಯಿತು. ಬಾಗಿಲು ಯಾರಿಗೆ ಎಷ್ಟು ತೆರೆದಿತ್ತು ಎಂಬುದು ಕೇಳಬೇಕಾದ ಪ್ರಶ್ನೆ.

2021ರ ಮೇ ತಿಂಗಳಲ್ಲಿ ಕೋವಿಡ್ ಲಸಿಕೆ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರ 12–16 ವಾರಕ್ಕೆ ಏರಿತು. ಜೂನ್‌ನಲ್ಲಿ ಒಂದು ವಿನಾಯಿತಿ ಬಂತು: ವಿದೇಶಕ್ಕೆ ಓದಲು ಅಥವಾ ನೌಕರಿಗೆ ಹೋಗುವವರು, ಟೋಕಿಯೊ ಒಲಿಂಪಿಕ್ಸ್‌ಗೆ ಹೊರಟವರು 28 ದಿನ ಕಳೆದ ಮೇಲೆ ಎರಡನೇ ಡೋಸ್ ಪಡೆಯಬಹುದಿತ್ತು. ಅದಕ್ಕೆ ಪ್ರವೇಶ ಪತ್ರವನ್ನೋ ನೇಮಕಾತಿ ಪತ್ರವನ್ನೋ ತೋರಿಸಬೇಕಿತ್ತು. ಬ್ಯಾಗಿನಲ್ಲಿ ಎಣ್ಣೆ ಬಾಟಲಿ ತುಂಬಿಕೊಂಡು ಹೊರಡುವವನಿಗೆ ನೇಮಕಾತಿ ಪತ್ರ ಕೊಡುವವರು ಯಾರು? ನಿಯಮ ಬರೆದವರಿಗೆ ದುರುದ್ದೇಶವಿತ್ತೆಂದಲ್ಲ. ಇಂಥ ಪ್ರಯಾಣಿಕನೊಬ್ಬ ಇದ್ದಾನೆಂದೇ ಅವರಿಗೆ ಹೊಳೆದಿರಲಾರದು.

ಭಯಕ್ಕೆ ಕಾರಣವಿತ್ತು

ಆಡಳಿತದ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. 2021ರ ಡಿಸೆಂಬರ್ 15ಕ್ಕೆ ವಿಮಾನ ಸಂಚಾರ ಪುನರಾರಂಭ ಎಂದು ಘೋಷಣೆಯಾಗಿತ್ತು. ದಕ್ಷಿಣ ಆಫ್ರಿಕಾದಿಂದ ಓಮೈಕ್ರಾನ್ ಸುದ್ದಿ ಬಂದದ್ದೇ ತಡ, ಅದನ್ನು ಮುಂದೂಡಲಾಯಿತು. ಡಿಸೆಂಬರ್ 2ರಂದು ಪ್ರಕಟವಾದ ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳೂ ಬೆಂಗಳೂರಿನವೇ. ಇನ್ನು ಹಳದಿ ಜ್ವರ: ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ, ವೈರಾಣು ಮಾತ್ರ ಬಂದಿಲ್ಲ. ಆದ್ದರಿಂದ ರೋಗವಿರುವ ದೇಶಗಳಿಂದ ಲಸಿಕೆ ಪತ್ರವಿಲ್ಲದೆ ಬಂದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿಡುವ ನಿಯಮ ಕೋವಿಡ್‌ಗಿಂತ ಬಹಳ ಹಿಂದಿನದು. ಎಣ್ಣೆ ಮಾರುವ ದೇಶದ ಔಷಧ ಕಾನೂನು, ವೀಸಾದ ಷರತ್ತುಗಳನ್ನು ಮೀರಿದರೆ ಸಂಕಟ ಮಾರುವವನಿಗೇ ಎಂಬುದೂ ನಿಜ.

ಎಲ್ಲರ ಗಡಿ ಒಂದೇ ಅಲ್ಲ

ಹೊನ್ನಾಳಿ, ಚನ್ನಗಿರಿಯ ಮುಸ್ಲಿಂ ಕುಟುಂಬಗಳ ಮಟ್ಟಿಗೆ ಮರಳಿದ ಅಂತರರಾಷ್ಟ್ರೀಯ ಸಮಾವೇಶವೆಂದರೆ ಹಜ್. 2020 ಮತ್ತು 2021ರಲ್ಲಿ ಹೊರದೇಶದಿಂದ ಬರುವವರಿಗೆ ಅವಕಾಶವಿರಲಿಲ್ಲ. 2022ರಲ್ಲಿ ಒಟ್ಟು 10 ಲಕ್ಷ ಯಾತ್ರಿಕರಿಗೆ ಅನುಮತಿ ಸಿಕ್ಕಿ, ಭಾರತದ ಪಾಲಿಗೆ 79,237 ಸ್ಥಾನ ಬಂದವು. ಆದರೆ 65 ವರ್ಷದೊಳಗಿನವರಿಗೆ ಮಾತ್ರ. 2020ರಲ್ಲಿ 63 ವರ್ಷವಾಗಿದ್ದು, ಜೀವಮಾನದ ಉಳಿತಾಯ ಕೈಯಲ್ಲಿ ಹಿಡಿದು ಕಾದವರು ಕಾಯುತ್ತಲೇ ಅನರ್ಹರಾದರು. ವಯಸ್ಸಿನ ಮಿತಿ ಸಡಿಲವಾದದ್ದು 2023ರಲ್ಲಿ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರುವರಿಯ ಜಯಂತಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದ ಬಂಜಾರ ಭಕ್ತರು ಬರುತ್ತಾರೆ. 2021ರ ಫೆಬ್ರುವರಿಯಲ್ಲೇ ಮಹಾರಾಷ್ಟ್ರದಿಂದ ಬರುವವರಿಗೆ ಆರ್‌ಟಿ–ಪಿಸಿಆರ್ ವರದಿ ಕಡ್ಡಾಯವಾದಾಗ ರಾಜ್ಯದ ಗಡಿಯೇ ದೇಶದ ಗಡಿಯಂತಾಯಿತು. ಮಳೆ ನೆಚ್ಚಿದ ಜಗಳೂರಿನಲ್ಲಿ ಪ್ರಯಾಣವೆಂದರೆ ಗುಳೆ. ಅಲ್ಲಿನವರನ್ನು ವಿಮಾನಕ್ಕಿಂತ ಬಸ್ಸು ನಿಂತದ್ದೇ ಹೆಚ್ಚು ಬಾಧಿಸಿತು.

ಪತ್ತೆಯಾದದ್ದು ಯುದ್ಧದಲ್ಲಿ

ನಿರ್ಬಂಧ ತೆರವಾದೊಡನೆ ಕ್ಯಾಂಪ್‌ಗಳಿಂದ ಮತ್ತೆ ಜನ ಹೊರಟರು. ಅವರು ನಾಡಿನ ಕಣ್ಣಿಗೆ ಬಿದ್ದದ್ದು 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾದಾಟ ಶುರುವಾದಾಗ. ಸಿಕ್ಕಿಬಿದ್ದಿದ್ದ 31 ಹಕ್ಕಿಪಿಕ್ಕಿಗಳಲ್ಲಿ 19 ಮಂದಿ ಹುಣಸೂರಿನವರು, ಏಳು ಮಂದಿ ಶಿವಮೊಗ್ಗದವರು, ಐವರು ಚನ್ನಗಿರಿಯವರು. ಹೊಟ್ಟೆಗಿಲ್ಲದೆ ಮನೆಯೊಳಗೆ ಅಡಗಿದ್ದವರ ಸ್ಥಿತಿ ಹೊರಗೆ ತಿಳಿದ ಮೇಲೆ ರಾಜಕೀಯ ವಾಗ್ವಾದವೂ ನಡೆಯಿತು. ಆಪರೇಷನ್ ಕಾವೇರಿ ಹೆಸರಿನಲ್ಲಿ ಸುಡಾನ್‌ನಲ್ಲಿದ್ದ ಭಾರತೀಯರನ್ನು ಕರೆತರಲಾಯಿತು.

ಈ ಪ್ರಯಾಣವನ್ನು ತಡೆಯುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಹಳದಿ ಜ್ವರದ ಲಸಿಕೆಗೆಂದು ಚನ್ನಗಿರಿಯಿಂದ ಬೆಂಗಳೂರಿನಂಥ ನಗರಕ್ಕೆ ಅಲೆಯುವ ಬದಲು ಜಿಲ್ಲಾ ಕೇಂದ್ರದಲ್ಲೇ ಅದು ಸಿಗುವಂತಾದರೆ ರೋಗಭಯವೂ ತಗ್ಗೀತು. ಹೊರಡುವವರ ಹೆಸರು, ದೇಶ, ಮರಳುವ ದಿನಾಂಕ ಬರೆದಿಡುವ ಪುಸ್ತಕವೊಂದು ತಾಲ್ಲೂಕು ಮಟ್ಟದಲ್ಲಿರಬೇಕು. ಅದು ಆರೋಗ್ಯ ಸಿಬ್ಬಂದಿಯ ಬಳಿ ಇರಲಿ, ಠಾಣೆಯಲ್ಲಿ ಬೇಡ: ಠಾಣೆಯ ಪಟ್ಟಿಯಲ್ಲಿ ಹೆಸರಿರುವುದೆಂದರೇನು ಎಂದು ಅಲೆಮಾರಿ ಸಮುದಾಯಗಳಿಗೆ ಬ್ರಿಟಿಷರ ಕಾಲದಿಂದಲೂ ಗೊತ್ತು.