ಹಸಿದ ನಾಯಿಗೆ ಮೊದಲ ತುತ್ತು

2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳ ಗುಡ್ಡಗಳು ಕುಸಿದು, ಜನರು ಉಟ್ಟ ಬಟ್ಟೆಯಲ್ಲಿಯೇ ಪರಿಹಾರ ಶಿಬಿರಗಳಿಗೆ ತೆರಳಿದಾಗ, ಹಟ್ಟಿಯ ದನಗಳೊಡನೆ ಅಂಗಳದ ನಾಯಿಗಳೂ ಹಿಂದುಳಿದುವು. ಹಾಗೆ ಅನಾಥವಾಗಿ, ಎಲುಬೆಣಿಸುವಂತೆ ಬಡಕಲಾದ ನಾಯಿಯೊಂದು ಇಂದು ನಿಮ್ಮ ಕಾಫಿ ಕಣದ ಅಂಚಿಗೆ ಬಂದು ನಿಂತರೆ, ದಯಾವಂತರು ಮೊದಲು ಮಾಡುವ ಕಾರ್ಯವೇ ಅಪಾಯಕರವಾದುದು: ತಟ್ಟೆ ತುಂಬ ಅನ್ನ ಬಡಿಸುವುದು!

ದೀರ್ಘ ಉಪವಾಸದಿಂದ ರಂಜಕ, ಪೊಟ್ಯಾಸಿಯಂ ಮೊದಲಾದ ಲವಣಗಳ ಸಂಚಯವು ಬರಿದಾಗಿರುವ ಶರೀರಕ್ಕೆ ಪಿಷ್ಟವು ಒಮ್ಮೆಲೇ ದೊರೆತಾಗ, ಉಕ್ಕಿದ ಇನ್ಸುಲಿನ್ನು ರಕ್ತದಲ್ಲಿ ಅಳಿದುಳಿದ ಲವಣಗಳನ್ನೂ ಜೀವಕೋಶಗಳೊಳಕ್ಕೆ ಸೆಳೆದುಕೊಂಡು, ಹೃದಯವೂ ಉಸಿರಾಟವೂ ಸೋಲುವುದುಂಟು. ಎರಡನೆಯ ಮಹಾಯುದ್ಧದ ಸೆರೆಯಾಳುಗಳಲ್ಲಿ ಕೆಲವರು ಬಿಡುಗಡೆಯ ಅನಂತರ ಹೊಟ್ಟೆತುಂಬ ಉಂಡೇ ಮಡಿದರು.

ಆದುದರಿಂದ ನಾಯಿಯನ್ನು ಕಾಫಿ ತೂಗುವ ತಕ್ಕಡಿಯಲ್ಲಿಯೇ ತೂಗಿ, ಪಶುವೈದ್ಯರಿಗೆ ತೋರಿಸಿ, ಮೊದಲ ದಿನ ಅದರ ತೂಕಕ್ಕೆ ತಕ್ಕ ದಿನದ ಆಹಾರದ ಕಾಲುಭಾಗವನ್ನು ಮಾತ್ರ ಹಲವು ಸಲ ಹಂಚಿ ಕೊಟ್ಟು, ಮುಂದೆ ಮೆಲ್ಲಮೆಲ್ಲನೆ ಹೆಚ್ಚಿಸತಕ್ಕದ್ದು. ಬೇಯಿಸಿದ ಕೋಳಿಮಾಂಸ, ಮೊಟ್ಟೆ ಮೇಲು; ಈರುಳ್ಳಿ ಬಿದ್ದ ಪಂದಿಕರಿಯ ಮಿಕ್ಕ ಸಾರು, ನಮ್ಮವರ ಔದಾರ್ಯವೆಷ್ಟೇ ದೊಡ್ಡದಾಗಿರಲಿ, ಕೂಡದು.

ತುಟಿಯನ್ನೆತ್ತಿ ನೋಡಿ, ವಸಡು ಬಿಳಚಿಕೊಂಡಿದ್ದರೆ ಜಂತುಹುಳುವೋ ಉಣ್ಣೆಯ ಕಾಟವೋ ಇರಬಹುದು. ಕಿವಿಯ ಮಡಿಕೆ, ಕಾಲ್ಬೆರಳ ಸಂದುಗಳಲ್ಲಿ ಉಣ್ಣೆ ಅಡಗಿರುತ್ತದೆ. ಮಳೆಗಾಲದಲ್ಲಿ ಮೂಗಿನ ಹೊಳ್ಳೆಯೊಳಗೆ ಜಿಗಣೆಯೂ ಇದ್ದೀತು. ಚೇತರಿಸಿಕೊಂಡೊಡನೆ ರೇಬೀಸ್ ಲಸಿಕೆ ಹಾಕಿಸಿ. ಅಷ್ಟರೊಳಗೆ ಅದು ಕಚ್ಚಿದರೆ, ಗಾಯವನ್ನು ಸಾಬೂನುನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ನಡೆಯಿರಿ.